ಪಾಟನ್ನಿನ ಬೌದ್ಧ ವಿಹಾರಗಳು, ಗೈಡ್ ಇಲ್ಲದೆ ನಡೆದು ನೋಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಠ್ಮಂಡುವಿಗೆ ಹೋದವರಲ್ಲಿ ಹೆಚ್ಚಿನವರು ಪಾಟನ್ನಿಗೆ ಅರ್ಧ ದಿನ ಕೊಡುತ್ತಾರೆ. ಅರಮನೆ ಚೌಕದಲ್ಲಿ ನಾಲ್ಕು ಫೋಟೋ ತೆಗೆದು ಟ್ಯಾಕ್ಸಿ ಹತ್ತುತ್ತಾರೆ. ಊರಿನ ನಿಜವಾದ ಸಂಪತ್ತು ಇರುವುದು ಆ ಚೌಕದ ಆಚೆ, ಅಂಗಡಿಗಳ ನಡುವಿನ ಕುಳ್ಳು ಬಾಗಿಲುಗಳ ಹಿಂದೆ. ಆ ಬಾಗಿಲುಗಳನ್ನು ಹುಡುಕಿ ಒಳಗೆ ಹೋಗಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪಾಟನ್, ಲಲಿತಪುರ, ಯಲ: ಇವು ಬೇರೆ ಬೇರೆ ಊರುಗಳೇ?

ಮೂರೂ ಒಂದೇ. ಸರ್ಕಾರಿ ಹೆಸರು ಲಲಿತಪುರ, ರೂಢಿಯಲ್ಲಿ ಪಾಟನ್, ಅಲ್ಲಿನ ನೇವಾರ್ ಜನರ ಮಾತಿನಲ್ಲಿ ಯಲ. ಬಾಗ್ಮತಿ ನದಿಯ ದಕ್ಷಿಣ ದಂಡೆಯಲ್ಲಿದೆ. ಸೇತುವೆ ದಾಟಿದರೆ ಕಠ್ಮಂಡು. ರತ್ನ ಪಾರ್ಕ್ ಕಡೆಯಿಂದ ಲಗನ್‌ಖೇಲ್ ಬೋರ್ಡಿನ ಬಸ್ಸು, ಮೈಕ್ರೋ ವ್ಯಾನು ಸಿಗುತ್ತವೆ. ಟ್ಯಾಕ್ಸಿಯಲ್ಲಿ ಬರುವುದಾದರೆ "ಪಾಟನ್ ದರ್ಬಾರ್" ಎನ್ನದೆ "ಪಾಟನ್ ಢೋಕಾ" ಎನ್ನಿ. ಢೋಕಾ ಎಂದರೆ ಊರಬಾಗಿಲು. ನಡಿಗೆ ಅಲ್ಲಿಂದ ಶುರುವಾದರೆ ದಾರಿ ತಾನಾಗಿ ಕೂಡಿಕೊಳ್ಳುತ್ತದೆ.

ಬಹಾ ಎಂದರೇನು? ಬಹೀ ಎಂದರೇನು?

ಎರಡೂ ಬೌದ್ಧ ವಿಹಾರಗಳೇ. ನಮ್ಮ ತೊಟ್ಟಿ ಮನೆಯನ್ನು ನೆನೆಸಿಕೊಂಡರೆ ಬಹಾದ ಕಟ್ಟಡ ಅರ್ಥವಾಗುತ್ತದೆ. ನಡುವೆ ಆಕಾಶಕ್ಕೆ ತೆರೆದ ಚೌಕಾಕಾರದ ಅಂಗಳ, ಸುತ್ತ ಎರಡಂತಸ್ತಿನ ಇಟ್ಟಿಗೆ-ಮರದ ಕಟ್ಟಡ. ಪ್ರವೇಶದ್ವಾರಕ್ಕೆ ಎದುರಾಗಿ ನೆಲಮಟ್ಟದಲ್ಲೇ ಮುಖ್ಯ ಗುಡಿ. ಅಲ್ಲಿನ ದೇವರನ್ನು ಕ್ವಾಪಾ ದ್ಯಃ ಎನ್ನುತ್ತಾರೆ, ಸಾಮಾನ್ಯವಾಗಿ ಅದು ಬುದ್ಧನ ಮೂರ್ತಿ. ಮೇಲಂತಸ್ತಿನಲ್ಲಿ ಆಗಮ ಎಂಬ ಗುಪ್ತ ಕೋಣೆಯಿರುತ್ತದೆ. ದೀಕ್ಷೆ ಪಡೆದ ಸದಸ್ಯರನ್ನು ಬಿಟ್ಟರೆ ಊರಿನವರಿಗೂ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಮೇಲೆ ಹೋಗಬಹುದೇ ಎಂದು ಕೇಳುವುದೇ ಬೇಡ.

ಬಹೀ ಸ್ವಲ್ಪ ಬೇರೆ. ಎತ್ತರದ ಜಗಲಿಯ ಮೇಲೆ ಕಟ್ಟಿರುತ್ತಾರೆ, ಮೆಟ್ಟಿಲು ಹತ್ತಿ ಹೋಗಬೇಕು. ಒಳಗೆ ಕೋಣೆಗಳಿಗಿಂತ ತೆರೆದ ಪಡಸಾಲೆ ಹೆಚ್ಚು. ಬಹಳಷ್ಟು ಬಹೀಗಳು ಹಳೆಯ ಊರಿನ ಅಂಚಿನಲ್ಲಿವೆ. ಬ್ರಹ್ಮಚಾರಿ ಭಿಕ್ಷುಗಳಿದ್ದ ಕಾಲದ ನೆನಪು ಬಹೀಗಳಿಗೆ ಅಂಟಿಕೊಂಡಿದೆ. ದರ್ಬಾರಿಗೆ ತೀರ ಹತ್ತಿರವಿರುವ ಇಬಹಾ ಬಹೀ 1427ರದ್ದು. ಜಪಾನಿನ ನಿಪ್ಪಾನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯವರು 1990ರ ದಶಕದಲ್ಲಿ ಅದನ್ನು ಬಿಚ್ಚಿ ಜೋಡಿಸಿ ದುರಸ್ತಿ ಮಾಡಿದರು. ಬಹೀಯ ರಚನೆ ತಿಳಿಯಲು ಅದೊಂದನ್ನು ನೋಡಿದರೆ ಸಾಕು.

ಬೋರ್ಡುಗಳಲ್ಲಿ ಬಹಾಲ್, ಬಹಾ, ಮಹಾವಿಹಾರ ಎಂದು ಮೂರು ಬಗೆಯಲ್ಲಿ ಬರೆದಿರುತ್ತದೆ. ಪ್ರತಿ ವಿಹಾರಕ್ಕೂ ಒಂದು ಸಂಸ್ಕೃತದ ಹೆಸರು, ಒಂದು ಆಡುಹೆಸರು. ಹಿರಣ್ಯವರ್ಣ ಮಹಾವಿಹಾರವೇ ಕ್ವಾ ಬಹಾ, ರುದ್ರವರ್ಣ ಮಹಾವಿಹಾರವೇ ಉಕು ಬಹಾ. ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮ್ಯಾಪು ಒಂದನ್ನು ತೋರಿಸುತ್ತದೆ, ಬೀದಿಯ ಜನ ಇನ್ನೊಂದನ್ನು ಹೇಳುತ್ತಾರೆ.

ವಿಹಾರ ಎನ್ನುತ್ತೀರಿ, ಭಿಕ್ಷುಗಳೇ ಕಾಣುವುದಿಲ್ಲವಲ್ಲ?

ಕಾಣುವುದಿಲ್ಲ, ಏಕೆಂದರೆ ಇವು ಸಂಸಾರಿಗಳ ವಿಹಾರಗಳು. ನೇವಾರ್ ಬೌದ್ಧರಲ್ಲಿ ಸಂಘದ ಸದಸ್ಯತ್ವ ಅಪ್ಪನಿಂದ ಮಗನಿಗೆ ಬರುತ್ತದೆ. ಶಾಕ್ಯ ಮತ್ತು ವಜ್ರಾಚಾರ್ಯ ಮನೆತನಗಳ ಹುಡುಗರಿಗೆ ಬರೇ ಛುಯೇಗು ಎಂಬ ವಿಧಿ ಮಾಡಿಸುತ್ತಾರೆ. ತಲೆ ಬೋಳಿಸಿ, ಚೀವರ ಉಡಿಸಿ, ಕೆಲವು ದಿನ ಹುಡುಗ ಭಿಕ್ಷುವಾಗಿರುತ್ತಾನೆ. ನಾಲ್ಕನೆಯ ದಿನ ಚೀವರ ಕಳಚಿ ಮನೆಗೆ ಮರಳುತ್ತಾನೆ. ಅಲ್ಲಿಂದ ಮುಂದೆ ಆತ ಆ ಬಹಾದ ಸಂಘದವನು. ಸರದಿ ಬಂದಾಗ ಪೂಜೆ ಮಾಡಬೇಕು, ಗುಡಿ ಗುಡಿಸಬೇಕು, ಹಬ್ಬದ ಖರ್ಚು ಹೊರಬೇಕು. ಜೀವನಕ್ಕೆ ಅಕ್ಕಸಾಲಿಗೆಯೋ ಮೂರ್ತಿ ಎರಕವೋ ಬ್ಯಾಂಕಿನ ಕೆಲಸವೋ ಇರುತ್ತದೆ. ನೀವು ಕಂಡ, ಜೀನ್ಸ್ ತೊಟ್ಟು ದೀಪ ಹಚ್ಚುತ್ತಿದ್ದವನೇ ಆ ದಿನದ ಪೂಜಾರಿ ಆಗಿರಬಹುದು.

ನಡಿಗೆಯ ಮರ್ಯಾದೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಅಂಗಳ ಗುಡಿಯ ಪ್ರಾಂಗಣವೂ ಹೌದು, ಸುತ್ತಲಿನ ಮನೆಗಳ ಹಿತ್ತಲೂ ಹೌದು. ಚೈತ್ಯದ, ಎಂದರೆ ಅಂಗಳದ ಪುಟ್ಟ ಸ್ತೂಪದ, ಪಕ್ಕದಲ್ಲೇ ಭತ್ತ ಒಣಗುತ್ತಿರುತ್ತದೆ, ಹಗ್ಗದ ಮೇಲೆ ಬಟ್ಟೆ ಇರುತ್ತದೆ, ಮಕ್ಕಳು ಚೆಂಡಾಡುತ್ತಿರುತ್ತಾರೆ.

ಒಂದು ದಿನದಲ್ಲಿ ಎಷ್ಟು ನೋಡಬಹುದು?

ಊರಿನಲ್ಲಿ ಶಾಖೆಗಳೂ ಸೇರಿ ನೂರೈವತ್ತಕ್ಕೂ ಹೆಚ್ಚು ಬಹಾ-ಬಹೀಗಳಿವೆ. ಎಲ್ಲವನ್ನೂ ನೋಡುವ ಹಟ ಹಿಡಿದವರಿಗೆ ಸಂಜೆಗೆ ಉಳಿಯುವುದು ಒಂದೇ ತರಹದ ನೂರು ಬಾಗಿಲುಗಳ ಫೋಟೋ. ಆರರಿಂದ ಎಂಟು ವಿಹಾರ, ಪ್ರತಿಯೊಂದರಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಎಂದು ಇಟ್ಟುಕೊಳ್ಳಿ. ಕೆಳಗೆ ಹೇಳಿರುವ ಎರಡು ದಾರಿಗಳಲ್ಲಿ ಮೊದಲನೆಯದು ಸುಮಾರು ಒಂದೂವರೆ ಕಿಲೋಮೀಟರ್, ಎರಡನೆಯದು ಎರಡೂವರೆ. ನಡಿಗೆಯೆಂದರೆ ಏನೂ ಅಲ್ಲ. ಆದರೂ ಮೊದಲನೆಯದಕ್ಕೆ ಮೂರು ಗಂಟೆ, ಎರಡನೆಯದಕ್ಕೆ ಮೂರೂವರೆ ಗಂಟೆ ಹಿಡಿಯುತ್ತದೆ, ಕಾಲು ನಿಲ್ಲುವುದೇ ಹೆಚ್ಚು. ಎರಡು ಬೆಳಗಿಗೆ ಹಂಚಿದರೆ ಉತ್ತಮ.

ಬೆಳಗ್ಗೆಯೇ ಹೋಗಬೇಕೇ?

ಹೌದು, ಈ ವಿಷಯದಲ್ಲಿ ರಾಜಿ ಬೇಡ. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಗುಡಿಯ ಬಾಗಿಲು ತೆರೆದಿರುತ್ತದೆ, ತಟ್ಟೆಯಲ್ಲಿ ಅಕ್ಕಿ, ಹೂವು, ದೀಪ ಹಿಡಿದು ಮನೆಯವರು ಬಂದು ಹೋಗುತ್ತಿರುತ್ತಾರೆ. ಹನ್ನೊಂದರ ನಂತರ ಸಣ್ಣ ಬಹಾಗಳ ಗುಡಿಗೆ ಬೀಗ. ಒಳಗಿನ ಮೂರ್ತಿ ಕಾಣದೆ ಕೆತ್ತನೆಯ ಬಾಗಿಲನ್ನಷ್ಟೇ ನೋಡಿ ಬರಬೇಕಾಗುತ್ತದೆ. ಸಂಜೆ ಐದೂವರೆಯ ಮೇಲೆ ಮತ್ತೊಮ್ಮೆ ಜೀವ ಬರುತ್ತದೆ, ಕೆಲವು ಕಡೆ ಜಗಲಿಯಲ್ಲಿ ಭಜನೆ ಕೂರುತ್ತದೆ. ಮಧ್ಯಾಹ್ನವನ್ನು ಅರಮನೆಯಲ್ಲಿರುವ ಪಾಟನ್ ಮ್ಯೂಸಿಯಮ್ಮಿಗೆ ಬಿಡಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ, ನೆನಪಿರಲಿ.

ಮೊದಲ ದಾರಿ ಯಾವುದು?

ಪಾಟನ್ ಢೋಕಾದಿಂದ ಒಳಗೆ ಬಂದು ಮೊದಲು ಪಿಂಬಹಾಲ್ ಕೊಳ. ಅದರ ಪಕ್ಕದಲ್ಲಿ ಬಿಳಿಯ ಹಳೆಯ ಸ್ತೂಪವಿದೆ. ಅಲ್ಲಿಂದ ಪೂರ್ವದ ಓಣಿಗಳನ್ನು ಹಿಡಿದು ನಾಗ ಬಹಾ. ಇದು ಊರಿನ ದೊಡ್ಡ ಅಂಗಳಗಳಲ್ಲೊಂದು, ಪುಟ್ಟ ಬಡಾವಣೆಯಷ್ಟು ಹರವು. ಪಾಟನ್ನಿನ ಸಮ್ಯಕ್ ಮಹಾದಾನ ಎಂಬ ಬೌದ್ಧ ಉತ್ಸವದಲ್ಲಿ ಬೇರೆ ಬೇರೆ ವಿಹಾರಗಳ ದೀಪಂಕರ ಬುದ್ಧನ ಮೂರ್ತಿಗಳನ್ನು ತಂದು ಸಾಲಾಗಿ ನಿಲ್ಲಿಸುವುದು ಇಲ್ಲಿಯೇ. ನಾಗ ಬಹಾದಿಂದ ಇಲಾನನಿ ಅಂಗಳಕ್ಕೆ ಸಂದಿಯಿದೆ, ಅಲ್ಲಿಂದ ಕ್ವಾ ಬಹಾಕ್ಕೆ. ರಸ್ತೆಗೆ ಇಳಿಯದೆ ಅಂಗಳದಿಂದ ಅಂಗಳಕ್ಕೆ ದಾಟುವುದೇ ಈ ದಾರಿಯ ಸೊಗಸು.

ಕ್ವಾ ಬಹಾ ಮುಗಿಸಿ ಮುಂಬಾಗಿಲಿನಿಂದ ಹೊರಬಂದರೆ ಕ್ವಾಲಖು ರಸ್ತೆ. ಉತ್ತರಕ್ಕೆ ಸ್ವಲ್ಪ ನಡೆದರೆ ಐದು ಚಾವಣಿಯ ಕುಂಭೇಶ್ವರ. ಅದು ಶಿವಾಲಯ, ಆದರೂ ಅಷ್ಟು ಹತ್ತಿರ ಬಂದು ಬಿಡುವಂಥದ್ದಲ್ಲ. ಮತ್ತೆ ದಕ್ಷಿಣಕ್ಕೆ ತಿರುಗಿ ಸ್ವಥಾ ಮೂಲಕ ದರ್ಬಾರ್ ಚೌಕಕ್ಕೆ ಬಂದರೆ ದಾರಿ ಮುಗಿಯಿತು. ಚೌಕದ ಉತ್ತರ ತುದಿಯಲ್ಲಿ ನೆಲಮಟ್ಟಕ್ಕಿಂತ ತಗ್ಗಿನಲ್ಲಿರುವ ಕಲ್ಲಿನ ನೀರಿನ ತಾಣ ಮಂಗ ಹಿತಿ, ಕ್ರಿ.ಶ. 570ರದ್ದು. ಮಕರಮುಖದ ಕೊಳಾಯಿಗಳಿಂದ ನೀರು ಹಿಡಿಯಲು ಕೊಡ ತಂದವರನ್ನು ಅಲ್ಲಿ ಇಂದಿಗೂ ಕಾಣಬಹುದು.

ಕ್ವಾ ಬಹಾದಲ್ಲಿ ಏನನ್ನು ತಪ್ಪಿಸಿಕೊಳ್ಳಬಾರದು?

ಬಂಗಾರದ ದೇವಸ್ಥಾನ ಎಂದು ಪ್ರವಾಸಿಗರು ಕರೆಯುವುದು ಇದನ್ನೇ. ತಾಮ್ರದ ತಗಡಿಗೆ ಚಿನ್ನದ ಲೇಪ ಹಾಕಿದ ಮೂರು ಚಾವಣಿ. ಆ ಹೊಳಪಿಗೆ ಮಾರುಹೋಗಿ ಜನ ಉಳಿದದ್ದನ್ನು ನೋಡುವುದಿಲ್ಲ.

ಒಳಬರುವ ಹಾದಿಯಲ್ಲಿ ತಲೆ ಎತ್ತಿ, ಚಾವಣಿಯಲ್ಲಿ ಮಂಡಲ ಕೆತ್ತಿದೆ. ಅಂಗಳಕ್ಕೆ ಬಂದ ಮೇಲೆ ಮೂಲೆಗಳ ಕಡೆ ನೋಡಿ: ಕರುಣೆಯ ಬೋಧಿಸತ್ವನಾದ ಲೋಕೇಶ್ವರನ ಮೂರ್ತಿಗಳು, ಜತೆಗೆ ಹಲಸಿನ ಹಣ್ಣು ಹಿಡಿದು ಅರ್ಪಿಸುತ್ತಿರುವ ಲೋಹದ ಕೋತಿಗಳು. ಮುಖ್ಯ ಗುಡಿಯ ಮುಂಭಾಗದಲ್ಲಿ ಬುದ್ಧನ ಜೀವನದ ಪ್ರಸಂಗಗಳ ಪಟ್ಟಿಕೆಯಿದೆ, ಓದುವುದಕ್ಕೆ ಹತ್ತು ನಿಮಿಷ ಬೇಕು. ಚಾವಣಿಯ ತುದಿಯಿಂದ ಕೆಳಕ್ಕೆ ಇಳಿಬಿಟ್ಟ ಲೋಹದ ಪಟ್ಟಿಗಳು ಅಲಂಕಾರಕ್ಕಷ್ಟೇ ಅಲ್ಲ, ದೇವರು ಇಳಿದು ಬರುವ ದಾರಿ ಅವು ಎನ್ನುತ್ತಾರೆ. ಅಂಗಳದಲ್ಲಿ ಆಮೆಗಳು ಓಡಾಡುತ್ತಿರುತ್ತವೆ, ಹೆಜ್ಜೆ ನೋಡಿ ಇಡಿ.

ಗುಡಿಯ ಮುಖ್ಯ ಪೂಜಾರಿ ಹನ್ನೆರಡು ವರ್ಷದೊಳಗಿನ ಬಾಲಕ. ಮೂವತ್ತು ದಿನ ಸೇವೆ ಮಾಡಿ ಇನ್ನೊಬ್ಬ ಬಾಲಕನಿಗೆ ಬಿಟ್ಟುಕೊಡುತ್ತಾನೆ. ಅಷ್ಟೂ ದಿನ ಕಟ್ಟುನಿಟ್ಟಿನ ಮಡಿ. ಮುದ್ದು ಮಾಡಲು, ಕೈ ಕುಲುಕಲು, ಜತೆಗೆ ಸೆಲ್ಫಿ ತೆಗೆಯಲು ಹೋಗಬೇಡಿ.

ಚರ್ಮದ ವಸ್ತು ನಿಷಿದ್ಧ, ಇದೇ ಹೆಚ್ಚು ಜನ ಎಡವುವ ಜಾಗ. ಚಪ್ಪಲಿ ಮಾತ್ರವಲ್ಲ, ಬೆಲ್ಟು, ಕೈಚೀಲ, ಕ್ಯಾಮೆರಾದ ಪಟ್ಟಿ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಆ ದಿನ ಬಟ್ಟೆಯ ಚೀಲ, ರಬ್ಬರ್ ಚಪ್ಪಲಿ ಹಾಕಿಕೊಂಡು ಹೊರಟರೆ ಬಾಗಿಲಲ್ಲಿ ತಕರಾರಿಲ್ಲ.

ಮೇಲಂತಸ್ತಿನ ಒಂದು ಬದಿಯಲ್ಲಿ ಟಿಬೆಟಿಯನ್ ಪದ್ಧತಿಯ ಪ್ರಾರ್ಥನಾ ಮಂದಿರವಿದೆ. ಅಲ್ಲಿಗೆ ಹೋಗಬಹುದು, ಅದು ಆಗಮವಲ್ಲ.

ಎರಡನೇ ದಾರಿ?

ಇದು ದರ್ಬಾರಿನ ದಕ್ಷಿಣ ಮತ್ತು ಪೂರ್ವಕ್ಕೆ. ದರ್ಬಾರಿನ ಪಕ್ಕದ ಮಂಗಲ ಬಜಾರಿನಿಂದ ಹೊರಟು ಸುನ್‌ಧಾರಾ ಕಡೆಗೆ ನಡೆದು, ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಮಹಾಬೌದ್ಧ. ಎದುರಿಗೆ ಬರುವವರೆಗೂ ಕಾಣುವುದಿಲ್ಲ, ಸುತ್ತ ಮನೆಗಳು ಅಷ್ಟು ಒತ್ತಿಕೊಂಡಿವೆ. ಬೋಧಗಯೆಗೆ ಹೋಗಿ ಬಂದ ಅಭಯರಾಜ ಎಂಬವರು ಅಲ್ಲಿನ ದೇವಾಲಯದ ಮಾದರಿಯಲ್ಲಿ 16ನೇ ಶತಮಾನದಲ್ಲಿ ಶುರು ಮಾಡಿದ ಶಿಖರ. ಕಟ್ಟಿ ಮುಗಿಸಿದ್ದು ಅವರ ವಂಶದವರು. ಸುಟ್ಟ ಮಣ್ಣಿನ ಇಟ್ಟಿಗೆಗಳ ಮೇಲೆ ಸಾವಿರಾರು ಬುದ್ಧರ ಉಬ್ಬುಮೂರ್ತಿ. 1934ರ ಭೂಕಂಪದಲ್ಲಿ ಇದು ಬಿತ್ತು. ಮತ್ತೆ ಕಟ್ಟಿದಾಗ ಇಟ್ಟಿಗೆಗಳು ಉಳಿದುಬಿಟ್ಟವು, ಉಳಿದವುಗಳಿಂದ ಪಕ್ಕದಲ್ಲಿ ಮಾಯಾದೇವಿಗೆ ಒಂದು ಸಣ್ಣ ಗುಡಿ ಎದ್ದಿತು. ಕೆಳಗಿನಿಂದ ಪೂರ್ತಿ ಶಿಖರ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಸುತ್ತಲಿನ ಮೂರ್ತಿ ಅಂಗಡಿಗಳವರು ತಾರಸಿಗೆ ಕರೆಯುತ್ತಾರೆ. ಹೋಗಿ, ಆದರೆ ಇಳಿಯುವಾಗ ಅಂಗಡಿಯ ಮೂಲಕವೇ ಇಳಿಯಬೇಕು ಎಂಬುದು ಗೊತ್ತಿರಲಿ.

ಎರಡು-ಮೂರು ನಿಮಿಷ ದಕ್ಷಿಣಕ್ಕೆ ಉಕು ಬಹಾ. ಅಂಗಳದ ತುಂಬ ಲೋಹದ ಸಿಂಹ, ಗರುಡ, ನವಿಲುಗಳು, ಜತೆಗೆ ರಾಣಾ ಕಾಲದ ಪ್ರಧಾನಿಯೊಬ್ಬರ ಪ್ರತಿಮೆ ಬೇರೆ. ಇಲ್ಲಿ ಗಮನಿಸಬೇಕಾದ್ದು ಚಾವಣಿಯ ಸೂರನ್ನು ಹೊತ್ತ ಮರದ ತೋಳುಗಳಲ್ಲಿನ ಯಕ್ಷಿಯರು. ಕಠ್ಮಂಡು ಕಣಿವೆಯಲ್ಲಿ ಉಳಿದಿರುವ ಇಂಥ ಕೆತ್ತನೆಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರಿದವು. ಬಣ್ಣವಿಲ್ಲ, ಹೊಳಪಿಲ್ಲ, ನಿಂತು ನೋಡಿದಷ್ಟೂ ಚೆಲುವು.

ಅಲ್ಲಿಂದ ಪಶ್ಚಿಮಕ್ಕೆ ಲಗನ್‌ಖೇಲ್ ರಸ್ತೆ ದಾಟಿದರೆ ತಾ ಬಹಾ: ಕೆಂಪು ಮಚ್ಛೇಂದ್ರನಾಥನ ಗುಡಿ, 1673ರದ್ದು. ರಸ್ತೆಯ ಇನ್ನೊಂದು ಬದಿಯಲ್ಲಿ ಮೀನನಾಥ. ಬೌದ್ಧರಿಗೆ ಕೆಂಪು ಮಚ್ಛೇಂದ್ರನಾಥ ಕರುಣಾಮಯ ಲೋಕೇಶ್ವರ, ನಾಥಪಂಥದವರಿಗೆ ಮತ್ಸ್ಯೇಂದ್ರನಾಥ. ಮಂಗಳೂರಿನ ಕದ್ರಿಯಲ್ಲಿ 968ರ ಲೋಕೇಶ್ವರ ಮೂರ್ತಿಯನ್ನೂ ಅಲ್ಲಿನ ನಾಥಪಂಥದ ಮಠವನ್ನೂ ನೋಡಿದವರಿಗೆ ಈ ಜೋಡಿ ಹೊಸದೆನಿಸದು. ಒಂದು ಎಚ್ಚರಿಕೆ: ದೇವರು ವರ್ಷದ ಒಂದು ಭಾಗ ದಕ್ಷಿಣದ ಬುಂಗಮತಿ ಗ್ರಾಮದಲ್ಲಿರುತ್ತಾನೆ. ಆಗ ಗರ್ಭಗುಡಿ ಖಾಲಿ. ಬಾಗಿಲು ಮುಚ್ಚಿದ್ದು ಕಂಡು ಸಮಯ ತಪ್ಪಿತೆಂದು ಮರುದಿನ ಮತ್ತೆ ಬರುವವರಿದ್ದಾರೆ.

ದರ್ಬಾರಿಗೆ ವಾಪಸಾಗುವಾಗ ಇಬಹಾ ಬಹೀ, ಬಿಡುವಿದ್ದರೆ ಹಕ ಬಹಾ. ಪಾಟನ್ನಿನ ಕುಮಾರಿಯನ್ನು, ಎಂದರೆ ಜೀವಂತ ದೇವಿಯೆಂದು ಪೂಜಿಸುವ ಬಾಲಕಿಯನ್ನು, ಆರಿಸುವುದು ಈ ಎರಡನೆಯ ವಿಹಾರದ ವಜ್ರಾಚಾರ್ಯ ಮನೆತನಗಳಿಂದ.

ಮ್ಯಾಪು ಗುಡಿಯ ಮುಂದೆ ನಿಲ್ಲಿಸಿದೆ ಎನ್ನುತ್ತದೆ, ಎದುರಿಗೆ ಗೋಡೆ. ಏನು ಮಾಡುವುದು?

ಇದು ದಿನಕ್ಕೆ ಮೂರು ಸಲವಾದರೂ ಆಗುತ್ತದೆ. ಮ್ಯಾಪಿನ ಗುರುತು ಅಂಗಳದ ನಡುವಿಗೆ ಹಾಕಿರುತ್ತಾರೆ. ಬಾಗಿಲು ಅದರ ಹಿಂದಿನ ಓಣಿಯಲ್ಲೂ ಇರಬಹುದು. ಇಕ್ಕಟ್ಟಾದ ಓಣಿಗಳಲ್ಲಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ಜಾರುತ್ತದೆ, ಅಷ್ಟರಲ್ಲಿ ಇಲ್ಲಿ ಎರಡು ಅಂಗಳ ದಾಟಿಹೋಗಿರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆ್ಯಪುಗಳಲ್ಲಿ ಕಾಲುಸಂದಿಗಳೂ ಇರುವುದರಿಂದ ಅಂಥದ್ದೊಂದನ್ನು ಮೊದಲೇ ಇಳಿಸಿಕೊಳ್ಳಿ.

ಕಣ್ಣಿನ ಗುರುತು ಮ್ಯಾಪಿಗಿಂತ ನಂಬಿಕಸ್ಥ. ಬಾಗಿಲಿನ ಎರಡು ಬದಿ ಕಲ್ಲಿನ ಸಿಂಹಗಳಿವೆಯೇ, ಮೇಲೆ ಅರ್ಧಚಂದ್ರಾಕಾರದ ತೋರಣವಿದೆಯೇ, ಅಂಗಡಿ ಸಾಲಿನ ನಡುವೆ ಕತ್ತಲೆಯ ಕುಳ್ಳು ಸಂದಿಯಿದ್ದು ಆಚೆ ತುದಿಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಇದ್ದರೆ ಅದೇ ದಾರಿ. ತಲೆ ತಗ್ಗಿಸಿ ನಡೆಯಿರಿ, ಐದೂವರೆ ಅಡಿ ಎತ್ತರದವರ ಹಣೆಗೂ ತೊಲೆ ತಾಗುತ್ತದೆ.

ಕೇಳುವುದಕ್ಕೆ ಸಂಕೋಚ ಬೇಡ. "ದಾಯಿ, ಮಹಾಬೌದ್ಧ ಕತಾ ಪರ್ಛ?" ಎಂದರೆ ಸಾಕು. ಗಂಡಸರಿಗೆ ದಾಯಿ, ಹೆಂಗಸರಿಗೆ ದಿದಿ. ಹಿಂದಿ ಕೂಡ ನಡೆಯುತ್ತದೆ. ಆದರೆ ನೇಪಾಳಿಯಲ್ಲಿ ಒಂದು ಮಾತು ಕೇಳಿದರೆ ಓಣಿಯ ತುದಿಯವರೆಗೆ ಜತೆಗೇ ಬಂದು ತೋರಿಸುವವರು ಸಿಗುತ್ತಾರೆ.

ಒಳಗೊಳಗೇ ತಿರುಗಿ ದಿಕ್ಕು ತಪ್ಪಿದರೆ?

ಅಂಗಳದ ನಡುವಿನ ಚೈತ್ಯವನ್ನು ನೋಡಿ, ಅದೇ ನಿಮ್ಮ ದಿಕ್ಸೂಚಿ. ಚೈತ್ಯದ ನಾಲ್ಕು ಮೈಗಳ ಗೂಡುಗಳಲ್ಲಿ ನಾಲ್ವರು ಬುದ್ಧರು ಕುಳಿತಿರುತ್ತಾರೆ, ಯಾರು ಎಲ್ಲಿ ಎಂಬುದು ನಿಗದಿಯಾಗಿದೆ. ಬಲಗೈ ನೆಲ ಮುಟ್ಟುತ್ತಿದ್ದರೆ ಅಕ್ಷೋಭ್ಯ: ಅದು ಪೂರ್ವ. ಬಲಗೈ ಅಂಗೈ ತೋರಿ ಕೆಳಗೆ ಚಾಚಿದ ವರದ ಮುದ್ರೆಯಾದರೆ ರತ್ನಸಂಭವ: ದಕ್ಷಿಣ. ಎರಡೂ ಕೈ ಮಡಿಲಲ್ಲಿದ್ದರೆ ಅಮಿತಾಭ: ಪಶ್ಚಿಮ. ಕೈ ಎತ್ತಿ ಅಭಯ ಕೊಡುತ್ತಿದ್ದರೆ ಅಮೋಘಸಿದ್ಧಿ: ಉತ್ತರ. ಮುದ್ರೆ ಸವೆದಿದ್ದರೆ ಪೀಠದ ವಾಹನ ನೋಡಿ. ಕ್ರಮವಾಗಿ ಆನೆ, ಕುದುರೆ, ನವಿಲು, ಗರುಡ. ಐದನೆಯವನಾದ ವೈರೋಚನ ನಡುವಿನವನು, ಸಾಮಾನ್ಯವಾಗಿ ಅವನಿಗೆ ಗೂಡಿರುವುದಿಲ್ಲ.

ಲಿಚ್ಛವಿ ಅರಸರ ಕಾಲದ ಹಳೆಯ ಕಲ್ಲಿನ ಚೈತ್ಯಗಳಲ್ಲಿ ಗೂಡು ಖಾಲಿ ಇರುವುದುಂಟು. ಕೆಲವನ್ನು ದುರಸ್ತಿ ವೇಳೆ ಕಿತ್ತು ಮರುಜೋಡಿಸಿದ್ದಾರೆ. ಹಾಗಾಗಿ ಎರಡು ಚೈತ್ಯಗಳನ್ನು ತಾಳೆ ನೋಡಿದ ಮೇಲೆ ಹೆಜ್ಜೆ ಹಾಕಿ.

ಯಾರ ಅಪ್ಪಣೆಯೂ ಇಲ್ಲದೆ ಅಂಗಳಕ್ಕೆ ಹೋಗಬಹುದೇ?

ಬಾಗಿಲು ತೆರೆದಿದ್ದರೆ ಹೋಗಬಹುದು. ಯಾರಾದರೂ ಕುಳಿತಿದ್ದರೆ ನಮಸ್ತೆ ಹೇಳಿ, "ಭಿತ್ರ ಜಾನ ಮಿಲ್ಛ?" ಎಂದು ಕೇಳಿ, ಒಳಗೆ ಹೋಗಬಹುದೇ ಎಂದರ್ಥ. ಚೈತ್ಯ, ಗುಡಿ ಎರಡನ್ನೂ ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಬನ್ನಿ, ಪ್ರಾರ್ಥನಾ ಚಕ್ರಗಳನ್ನೂ ಅದೇ ದಿಕ್ಕಿಗೆ ತಿರುಗಿಸಿ. ಗುಡಿಯ ಮುಂದೆ ದುಂಡು ಕಲ್ಲಿನ ಪೀಠದ ಮೇಲೆ ಮಂಡಲವೂ ವಜ್ರವೂ ಇರುತ್ತವೆ. ಅದು ಧರ್ಮಧಾತು, ಕುಳಿತುಕೊಳ್ಳುವ ಕಟ್ಟೆಯಲ್ಲ, ನೀರಿನ ಬಾಟಲಿ ಇಡುವ ಜಾಗವೂ ಅಲ್ಲ. ಮನೆಗಳ ಹೊಸ್ತಿಲಿನ ಮುಂದೆ ನೆಲದಲ್ಲಿ ಹೂತ ಕೆತ್ತನೆಯ ಕಲ್ಲಿಗೆ ಪಿಖಾಲಖು ಎನ್ನುತ್ತಾರೆ, ಪ್ರತಿ ಬೆಳಗ್ಗೆ ಅದಕ್ಕೆ ಪೂಜೆ ನಡೆಯುತ್ತದೆ. ನಮ್ಮಲ್ಲಿ ರಂಗೋಲಿ ತುಳಿಯದ ಹಾಗೆ ಅದನ್ನೂ ದಾಟಿ ನಡೆಯಿರಿ.

ಫೋಟೋ ತೆಗೆಯಲು ಏಕೆ ಗೊಣಗುತ್ತಾರೆ?

ಕಾರಣವಿದೆ. 1970-80ರ ದಶಕಗಳಲ್ಲಿ ಕಣಿವೆಯ ಗುಡಿಗಳಿಂದ ಮೂರ್ತಿಗಳು ದೊಡ್ಡ ಸಂಖ್ಯೆಯಲ್ಲಿ ಕಳವಾಗಿ ವಿದೇಶ ಸೇರಿದವು. ಪಾಟನ್ನಿನಿಂದ 1984ರಲ್ಲಿ ಕಾಣೆಯಾದ ಲಕ್ಷ್ಮೀನಾರಾಯಣ ಮೂರ್ತಿ ಅಮೆರಿಕದ ಡಲ್ಲಸ್ ಮ್ಯೂಸಿಯಮ್ಮಿನಲ್ಲಿ ಪತ್ತೆಯಾಗಿ ಊರಿಗೆ ಮರಳಿದ್ದು 2021ರಲ್ಲಿ. ಚಂದದ ಬಾಗಿಲಿಗೆ ಒರಟು ಕಬ್ಬಿಣದ ಸರಳು, ಮೂರ್ತಿಯ ಸುತ್ತ ಪಂಜರ, ಅಪರಿಚಿತ ಕ್ಯಾಮೆರಾದ ಮೇಲೆ ಅನುಮಾನ ಎಲ್ಲವೂ ಆ ಕಾಲದ ಉಳಿಕೆ. ಅಂಗಳ, ಚಾವಣಿ, ಕೆತ್ತನೆ ತೆಗೆಯಲು ಅಡ್ಡಿಯಿಲ್ಲ. ಗರ್ಭಗುಡಿಯೊಳಗಿನ ಮೂರ್ತಿಗೆ ಕ್ಯಾಮೆರಾ ತಿರುಗಿಸುವ ಮುನ್ನ "ಫೋಟೋ ಖಿಚ್ನ ಮಿಲ್ಛ?" ಎಂದು ಕೇಳಿ. ಬೇಡವೆಂದರೆ ಚರ್ಚೆಗಿಳಿಯಬೇಡಿ.

ಟಿಕೆಟ್ ಎಷ್ಟು? ಭಾರತದ ರೂಪಾಯಿ ನಡೆಯುತ್ತದೆಯೇ?

ದರ್ಬಾರ್ ಚೌಕ ಮತ್ತು ಮ್ಯೂಸಿಯಮ್ ಸೇರಿ ಒಂದೇ ಟಿಕೆಟ್. ಸಾರ್ಕ್ ದೇಶದವರಿಗೆ 250 ನೇಪಾಳಿ ರೂಪಾಯಿ, ಇತರ ವಿದೇಶಿಯರಿಗೆ 1000 ಎಂಬ ದರ ಬಹಳ ಕಾಲದಿಂದ ಇದೆ. ಕೌಂಟರಿನ ಬೋರ್ಡನ್ನು ಒಮ್ಮೆ ನೋಡಿ. ರಿಯಾಯಿತಿ ದರಕ್ಕೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಬೇಕಾಗುತ್ತದೆ. ಕ್ವಾ ಬಹಾ ಮತ್ತು ಮಹಾಬೌದ್ಧಗಳಲ್ಲಿ ಪ್ರತ್ಯೇಕವಾಗಿ ಸಣ್ಣ ಮೊತ್ತ ಪಡೆಯುತ್ತಾರೆ. ಉಳಿದ ಹೆಚ್ಚಿನ ಬಹಾಗಳಿಗೆ ಟಿಕೆಟ್ಟೇ ಇಲ್ಲ, ಕಾಣಿಕೆ ಡಬ್ಬಿಗೆ ಹತ್ತಿಪ್ಪತ್ತು ಹಾಕಿದರೆ ಸಂತೋಷ.

ನಮ್ಮ 100 ರೂಪಾಯಿಗೆ ಅವರ 160. ಇದು ನಿಗದಿತ ದರ, ಚೌಕಾಸಿಯ ವಿಷಯವಲ್ಲ. 100ರ ನೋಟನ್ನು ಅಂಗಡಿಗಳು ತೆಗೆದುಕೊಳ್ಳುತ್ತವೆ. ಟಿಕೆಟ್ ಕಿಟಕಿ, ಕಾಣಿಕೆ, ಬಸ್ಸಿಗೆ ನೇಪಾಳಿಯ 10, 20, 50ರ ನೋಟುಗಳು ಇರಲಿ. ಫೋನ್‌ಪೇ ಎಂಬ ನೇಪಾಳದ ಕ್ಯೂಆರ್ ಜಾಲದಲ್ಲಿ 2024ರಿಂದ ಭಾರತದ ಯುಪಿಐ ನಡೆಯುತ್ತದೆ. ನಮ್ಮಲ್ಲಿನ ಅದೇ ಹೆಸರಿನ ಆ್ಯಪಿಗೂ ಅದಕ್ಕೂ ಸಂಬಂಧವಿಲ್ಲ. ಡೇಟಾ ಇಲ್ಲದಿದ್ದರೆ ಅದೂ ಉಪಯೋಗಕ್ಕೆ ಬಾರದು, ನಗದು ಬಿಟ್ಟು ಹೊರಡಬೇಡಿ.

ನಾಲ್ಕು ಅಶೋಕ ಸ್ತೂಪಗಳನ್ನೂ ಸೇರಿಸಿಕೊಳ್ಳಬಹುದೇ?

ಸೇರಿಸಬೇಡಿ, ಅವಕ್ಕೆ ಬೇರೆ ಬೆಳಗು ಕೊಡಿ. ಹಳೆಯ ಊರಿನ ನಾಲ್ಕು ದಿಕ್ಕಿಗೆ ಒಂದೊಂದು: ಪಶ್ಚಿಮಕ್ಕೆ ಪುಲ್ಚೋಕ್, ದಕ್ಷಿಣಕ್ಕೆ ಲಗನ್, ಪೂರ್ವಕ್ಕೆ ತೇತಾ, ಉತ್ತರಕ್ಕೆ ಇಬಹೀ. ಸುತ್ತು ಆರೇಳು ಕಿಲೋಮೀಟರ್ ಆಗುತ್ತದೆ. ದಾರಿಯ ಬಹುಪಾಲು ವಾಹನಗಳ ರಸ್ತೆ, ಪೂರ್ವದ್ದಕ್ಕೆ ರಿಂಗ್ ರೋಡನ್ನೇ ದಾಟಬೇಕು. ಧೂಳಿಗೆ ಮಾಸ್ಕ್ ಬೇಕು. ಸಾಂಚಿಯಂಥದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ನಿರಾಸೆ ಖಂಡಿತ, ಮೂರು ಸ್ತೂಪಗಳು ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳು. ಉತ್ತರದ್ದು ಮಾತ್ರ ಗಾರೆ ಮೆತ್ತಿದ ಅಚ್ಚುಕಟ್ಟು ಸ್ತೂಪ, ಕುಂಭೇಶ್ವರದಿಂದ ಆಚೆ ಶಂಖಮೂಲದ ದಾರಿಯಲ್ಲಿದೆ. ಮೊದಲ ದಾರಿಯ ಜತೆಗೇ ಅದೊಂದನ್ನು ನೋಡಬಹುದು. ಅಶೋಕನೇ ಬಂದು ಕಟ್ಟಿಸಿದನೆಂಬುದು ಊರಿನ ನಂಬಿಕೆ, ಅದಕ್ಕೆ ಪುರಾತತ್ವದ ಆಧಾರ ದೊರೆತಿಲ್ಲ.

ಯಾವ ತಿಂಗಳು ಒಳ್ಳೆಯದು?

ಆಕಾಶ ತಿಳಿಯಾಗಿರಬೇಕೆಂದರೆ ಅಕ್ಟೋಬರ್, ನವೆಂಬರ್. ವಿಹಾರಗಳೇ ಮುಖ್ಯವೆಂದರೆ ನಮ್ಮ ಸಲಹೆ ಬೇರೆ: ಗುಂಲಾ ತಿಂಗಳು. ಜುಲೈ-ಆಗಸ್ಟ್ ಹೊತ್ತಿಗೆ ಬರುವ ಇದು ನೇವಾರ್ ಬೌದ್ಧರಿಗೆ ಪವಿತ್ರ ಮಾಸ. ಬೆಳಗಿನ ಜಾವ ಡೋಲು-ತಾಳದೊಂದಿಗೆ ಗುಂಲಾ ಬಾಜನ್ ಮೇಳಗಳು ಹೊರಡುತ್ತವೆ, ವರ್ಷವಿಡೀ ಬೀಗದೊಳಗಿದ್ದ ಮೂರ್ತಿ, ಗ್ರಂಥ, ಪಟಗಳನ್ನು ಬಹಾಗಳು ಹೊರತೆಗೆದು ತೋರಿಸುವ ದಿನಗಳೂ ಅದರಲ್ಲೇ. ಗಾಯ್ ಜಾತ್ರಾ ಹಬ್ಬ ಮುಗಿದ ಬೆನ್ನಿಗೆ ಮತಯಾ ಎಂಬ ಹಬ್ಬ ಬರುತ್ತದೆ. ಆ ದಿನ ಸಾವಿರಾರು ಜನ ಊರಿನ ಬಹಾ, ಚೈತ್ಯಗಳನ್ನೆಲ್ಲ ಸಾಲಾಗಿ ಸುತ್ತುತ್ತಾರೆ, ಬಹಳ ಮಂದಿ ಬರಿಗಾಲಿನಲ್ಲಿ. ಅವರ ಹಿಂದೆ ನಡೆದರೆ ಮ್ಯಾಪೇ ಬೇಡ. ಮಳೆಗಾಲವಾದ್ದರಿಂದ ಇಟ್ಟಿಗೆ ಹಾಸಿನ ಮೇಲೆ ಪಾಚಿ ಕಟ್ಟಿರುತ್ತದೆ, ಸವೆದ ಅಟ್ಟೆಯ ಚಪ್ಪಲಿ ಹಾಕಿದರೆ ಬೀಳುವುದೇ ಸೈ. ಕೊಡೆಗಿಂತ ರೇನ್‌ಕೋಟ್ ಮೇಲು, ಸಂದಿಗಳಲ್ಲಿ ಕೊಡೆ ಬಿಚ್ಚಲಾಗದು.

ಏಪ್ರಿಲ್‌ನಿಂದ ಜೂನ್ ನಡುವೆ ಮಚ್ಛೇಂದ್ರನಾಥನ ರಥ ಪುಲ್ಚೋಕ್‌ನಿಂದ ಹೊರಟು ಊರೊಳಗೆ ವಾರಗಟ್ಟಲೆ ಹಂತಹಂತವಾಗಿ ಸಾಗುತ್ತದೆ. ರಥ ಎಳೆಯುವ ದಿನ ಆ ಭಾಗದ ರಸ್ತೆಗಳು ಬಂದ್. ಶನಿವಾರ ನೇಪಾಳದಲ್ಲಿ ವಾರದ ರಜೆ, ದರ್ಬಾರಿನಲ್ಲಿ ಜನಜಾತ್ರೆ.

ಬಾಗಿಲಲ್ಲಿ ಗಣೇಶ, ಮಹಾಕಾಲ ಇದ್ದಾರೆ. ಇದು ಬೌದ್ಧ ಗುಡಿಯೇ?

ಹೌದು. ದ್ವಾರದ ಎರಡು ಬದಿಯಲ್ಲಿ ಈ ಇಬ್ಬರು ಕಾವಲಿಗಿರುವುದು ಬಹಾಗಳ ವಾಡಿಕೆ. ಅಂಗಳದಲ್ಲಿ ಚೈತ್ಯವಿದ್ದು ಎದುರಿನ ಗುಡಿಯಲ್ಲಿ ಬುದ್ಧನೋ ಲೋಕೇಶ್ವರನೋ ಇದ್ದರೆ ಅದು ಬಹಾ. ಕಿರೀಟ, ಆಭರಣ ತೊಟ್ಟ ಮೂರ್ತಿ ಕಂಡು ವಿಷ್ಣು ಎಂದುಕೊಳ್ಳಬೇಡಿ, ಬೋಧಿಸತ್ವರು ಸಿಂಗರಿಸಿಕೊಂಡೇ ಇರುತ್ತಾರೆ. ಗೊಂದಲ ತೀರಬೇಕೆಂದರೆ ಅರಮನೆಯಲ್ಲಿರುವ ಪಾಟನ್ ಮ್ಯೂಸಿಯಮ್ಮಿಗೆ ಮೊದಲ ದಿನವೇ ಹೋಗಿ. ಆಸ್ಟ್ರಿಯಾ ದೇಶದ ನೆರವಿನಿಂದ 1997ರಲ್ಲಿ ತೆರೆದದ್ದು. ಮುದ್ರೆ, ವಾಹನ, ಆಯುಧಗಳಿಂದ ದೇವತೆಗಳನ್ನು ಗುರುತಿಸುವುದನ್ನು ಅಲ್ಲಿ ಚೆನ್ನಾಗಿ ವಿವರಿಸಿದ್ದಾರೆ.

2015ರ ಭೂಕಂಪದ ನಂತರ ನೋಡಲು ಏನುಳಿದಿದೆ?

ಬಹುಪಾಲು ಉಳಿದಿದೆ. ಏಪ್ರಿಲ್ 25ರ ಆ ಕಂಪನದಲ್ಲಿ ದರ್ಬಾರಿನ ಚಾರ್ ನಾರಾಯಣ, ಹರಿಶಂಕರ ಗುಡಿಗಳು ನೆಲಕಚ್ಚಿದ್ದವು, ಮಂಗ ಹಿತಿಯ ಪಕ್ಕದ ಮಣಿಮಂಟಪಗಳೂ ಬಿದ್ದಿದ್ದವು. ಹಳೆಯ ಮರದ ತುಂಡುಗಳನ್ನು ಆಯ್ದು ಹೊಂದಿಸಿ ಮತ್ತೆ ಕಟ್ಟಿದ್ದಾರೆ. ಕಂಬಗಳಲ್ಲಿ ತಿಳಿಬಣ್ಣದ ಮರ ಹೊಸದು, ಕಪ್ಪಾದದ್ದು ಹಳೆಯದು. ಸಣ್ಣ ಓಣಿಗಳಲ್ಲಿ ಇನ್ನೂ ಊರೆಗೋಲು ಕೊಟ್ಟ ಗೋಡೆಗಳು ಕಂಡರೆ ಅದರ ಕೆಳಗೆ ನಿಲ್ಲಬೇಡಿ.

ಸಸ್ಯಾಹಾರಿಗಳಿಗೆ ತಿನ್ನಲು ಏನು ಸಿಗುತ್ತದೆ?

ಬಾರಾ, ನೇವಾರಿಯಲ್ಲಿ ವೋ. ನೆನೆಸಿ ರುಬ್ಬಿದ ಉದ್ದಿನ ಹಿಟ್ಟನ್ನು ಕಾವಲಿಯ ಮೇಲೆ ದಪ್ಪಗೆ ಹರಡಿ ಬೇಯಿಸುತ್ತಾರೆ. ರುಚಿ ನಮ್ಮ ಉದ್ದಿನ ವಡೆಯ ಸಮೀಪ. ಮೇಲೆ ಮೊಟ್ಟೆ ಅಥವಾ ಮಾಂಸ ಹಾಕುವುದು ಸಾಮಾನ್ಯವಾದ್ದರಿಂದ "ಸಾದಾ ಬಾರಾ" ಎಂದೇ ಹೇಳಿ. ಬೋರ್ಡಿನಲ್ಲಿ ಬಫ್ ಎಂದಿದ್ದರೆ ಎಮ್ಮೆ-ಕೋಣದ ಮಾಂಸ. ಶೌಚಾಲಯ ಮ್ಯೂಸಿಯಮ್ಮಿನಲ್ಲಿದೆ, ಬಹಾಗಳಲ್ಲಿ ಹುಡುಕಬೇಡಿ.

ಮೂರ್ತಿ ಕೊಂಡು ತರಬಹುದೇ?

ಹೊಸದನ್ನು ತರಬಹುದು. ಮಹಾಬೌದ್ಧ, ಉಕು ಬಹಾ ಸುತ್ತಮುತ್ತ ಮೇಣದಚ್ಚಿನ ಎರಕದ ಕೆಲಸ ಮನೆಮನೆಯಲ್ಲಿದೆ. ಬೆಲೆ ನಿಂತಿರುವುದು ಗಾತ್ರಕ್ಕಿಂತ ಹೆಚ್ಚಾಗಿ ಉಳಿಯ ಕೆಲಸದ ಮೇಲೆ. ಬೆರಳು, ಕಿವಿ, ಬೆನ್ನಿನ ಭಾಗ ನೋಡಿ. ಅಗ್ಗದ ಮೂರ್ತಿಯ ಬೆನ್ನು ಒರಟಾಗಿಯೇ ಉಳಿದಿರುತ್ತದೆ. ನೂರು ವರ್ಷಕ್ಕಿಂತ ಹಳೆಯದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹೊಸದಕ್ಕೂ ಹಳೆಯ ಮಾಸಲು ಬಣ್ಣ ಕೊಟ್ಟಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಅಂಥದ್ದಕ್ಕೆ ಪುರಾತತ್ವ ಇಲಾಖೆಯ ಪ್ರಮಾಣಪತ್ರ ಬೇಕು. ಅದನ್ನು ಮಾಡಿಸಿಕೊಡುವ ಹೊಣೆ ಅಂಗಡಿಯವರದು ಎಂದು ದುಡ್ಡು ಕೊಡುವ ಮೊದಲೇ ಮಾತಾಡಿಕೊಳ್ಳಿ.

ಮಂಡಿನೋವಿನ ಹಿರಿಯರನ್ನು ಕರೆದೊಯ್ಯಬಹುದೇ?

ಮೊದಲ ದಾರಿಗೆ ಧಾರಾಳವಾಗಿ. ಏರಿಳಿತ ಕಡಿಮೆ, ಪ್ರತಿ ಟೋಲಿನಲ್ಲಿ, ಎಂದರೆ ಕೇರಿಯಲ್ಲಿ, ಫಲ್ಚಾ ಎಂಬ ತೆರೆದ ಜಗಲಿ ಇರುತ್ತದೆ, ದಾರಿಹೋಕರು ಕೂರಲೆಂದೇ ಕಟ್ಟಿದ್ದು. ತೊಂದರೆ ಕೊಡುವುದು ಎತ್ತರದ ಹೊಸ್ತಿಲುಗಳು ಮತ್ತು ಓಣಿಯಲ್ಲಿ ನುಗ್ಗಿಬರುವ ಬೈಕುಗಳು. ಗಾಲಿಕುರ್ಚಿ ಸಣ್ಣ ಬಹಾಗಳ ಸಂದಿಗಳಲ್ಲಿ ಹೋಗದು. ನಾಗ ಬಹಾ ಮತ್ತು ದರ್ಬಾರ್ ಚೌಕದಲ್ಲಿ ಮಾತ್ರ ಅದನ್ನು ಆರಾಮವಾಗಿ ತಳ್ಳಬಹುದು.